ಧ್ಯಾನದ ಮೇಲೆ ನಂಬಿಕೆ ಇಲ್ಲದವರು ಆತಂಕಕ್ಕೆ ಧ್ಯಾನ ಮಾಡುವುದು ಹೇಗೆ

ಮೈಸೂರಿನವರಿಗೆ ಧ್ಯಾನದ ಮೇಲೆ ಅನುಮಾನ ಹುಟ್ಟಲು ಕಾರಣಗಳು ಬೇಕಾದಷ್ಟಿವೆ. 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಟಿ. ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದ ಊರು ಇದು. ಇವತ್ತು ಗೋಕುಲಂ ಕಡೆ ಹೋದರೆ ಮ್ಯಾಟ್ ಹೆಗಲಿಗೇರಿಸಿಕೊಂಡ ವಿದೇಶಿಯರು, ಕಾಂಪೌಂಡಿನ ಮೇಲೆ ‘ಒತ್ತಡಮುಕ್ತ ಜೀವನ’ದ ಬೋರ್ಡು, ಕೆಳಗೆ ಶುಲ್ಕದ ವಿವರ. ಮಂಡ್ಯದ ಕಡೆಯವರು ಇನ್ನೂ ನೇರ: “ಕಣ್ ಮುಚ್ಕಂಡ್ ಕೂತ್ರೆ ಕಬ್ಬಿನ ಬಾಕಿ ಬತ್ತದಾ?”

ಬರುವುದಿಲ್ಲ. ಬಾಕಿ ಬರುವ ತನಕ ರಾತ್ರಿ ಮೂರಕ್ಕೆ ಎಚ್ಚರವಾಗಿ, ಸೂರು ನೋಡುತ್ತ, ಅದೇ ಲೆಕ್ಕವನ್ನು ಮತ್ತೆ ಮತ್ತೆ ಹಾಕುವುದು ಕಡಿಮೆಯಾದೀತೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಉತ್ತರ: ಬಹಳ ಜನರಿಗೆ, ಒಂದು ಮಟ್ಟಕ್ಕೆ, ಆದೀತು. ಅದಕ್ಕೆ ಗುರು ಬೇಡ, ಮಂತ್ರ ಬೇಡ, ಚಕ್ರಗಳ ಚಿತ್ರ ಬೇಡ, ನಂಬಿಕೆಯಂತೂ ಬೇಡವೇ ಬೇಡ. ಹತ್ತು ವಾರ, ಒಂದು ಕುರ್ಚಿ, ಒಂದು ನೋಟ್‌ಬುಕ್ಕು ಬೇಕು. ಮೊದಲ ಎರಡು ವಾರ ಧ್ಯಾನ ಮಾಡುವಂತೆಯೂ ಇಲ್ಲ. ಯಾಕೆಂದು ಮುಂದೆ ಹೇಳುತ್ತೇವೆ.

ಪುರಾವೆ ಎಷ್ಟು, ಉತ್ಪ್ರೇಕ್ಷೆ ಎಷ್ಟು

1979ರಲ್ಲಿ ಜಾನ್ ಕಬಟ್-ಜಿನ್ ಎಂಬುವರು ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಬೌದ್ಧ ಧ್ಯಾನ ಮತ್ತು ಹಠಯೋಗದಿಂದ ವಿಧಾನಗಳನ್ನಷ್ಟೇ ತೆಗೆದುಕೊಂಡು, ಧರ್ಮದ ಭಾಗವನ್ನು ಬಿಟ್ಟು, ರೋಗಿಗಳಿಗಾಗಿ 8 ವಾರಗಳ ತರಬೇತಿ ಶುರು ಮಾಡಿದರು. ವಾರಕ್ಕೊಂದು ಎರಡೂವರೆ ಗಂಟೆಯ ತರಗತಿ, ಮನೆಯಲ್ಲಿ ದಿನಕ್ಕೆ ಸುಮಾರು 45 ನಿಮಿಷದ ಅಭ್ಯಾಸ. ಎಂಬಿಎಸ್‌ಆರ್ ಎಂದು ಕರೆಯುವುದು ಇದನ್ನೇ. ಎಲ್ಲರಿಗೂ ಒಂದೇ ಪಠ್ಯ ಇದ್ದುದರಿಂದ ಔಷಧಿಯನ್ನು ಪರೀಕ್ಷಿಸುವ ಹಾಗೆ ಇದನ್ನೂ ಪರೀಕ್ಷಿಸಲು ಸಾಧ್ಯವಾಯಿತು.

2014ರಲ್ಲಿ ಬಂದ ಒಂದು ದೊಡ್ಡ ವಿಮರ್ಶೆ 47 ಪ್ರಯೋಗಗಳನ್ನು, ಒಟ್ಟು 3,515 ಜನರ ಫಲಿತಾಂಶವನ್ನು ಒಟ್ಟಿಗೆ ನೋಡಿತು. ಆತಂಕ ಮತ್ತು ಖಿನ್ನತೆ ಸಾಧಾರಣ ಮಟ್ಟಿಗೆ ಇಳಿಯುತ್ತವೆ ಎಂಬುದು ಅದರ ತೀರ್ಮಾನ. ಆದರೆ ವ್ಯಾಯಾಮ, ಔಷಧಿ, ವರ್ತನಾ ಚಿಕಿತ್ಸೆಗಿಂತ ಧ್ಯಾನ ಮೇಲು ಎನ್ನುವುದಕ್ಕೆ ಪುರಾವೆ ಸಿಗಲಿಲ್ಲ ಎಂದೂ ಅದೇ ವಿಮರ್ಶೆ ಹೇಳಿತು. 2022ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಆತಂಕದ ಕಾಯಿಲೆ ಇದ್ದ 276 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಈ ತರಬೇತಿ, ಇನ್ನೊಂದಕ್ಕೆ ಆತಂಕಕ್ಕೆ ಕೊಡುವ ಎಸಿಟಾಲೋಪ್ರಾಮ್ ಮಾತ್ರೆ ಕೊಟ್ಟರು. 8 ವಾರದ ಕೊನೆಗೆ ಧ್ಯಾನದ ಗುಂಪು ಮಾತ್ರೆಯ ಗುಂಪಿಗಿಂತ ಹಿಂದೆ ಬಿದ್ದಿರಲಿಲ್ಲ. ಇಷ್ಟಾದರೂ, ಆ ಜನ ಕಲಿತದ್ದು ತರಬೇತಾದ ಶಿಕ್ಷಕರಿಂದ, ಕೂತದ್ದು ದಿನಕ್ಕೆ 45 ನಿಮಿಷ. ಇಲ್ಲಿ ಹೇಳುವ ಅಭ್ಯಾಸ ಅದರ ಅರ್ಧಕ್ಕೂ ಕಡಿಮೆ. ನಿರೀಕ್ಷೆಯನ್ನೂ ಅಷ್ಟಕ್ಕೇ ಇಳಿಸಿಕೊಳ್ಳಿ.

‘8 ವಾರ ಧ್ಯಾನ ಮಾಡಿದರೆ ಮಿದುಳಿನ ರಚನೆಯೇ ಬದಲಾಗುತ್ತದೆ’ ಎಂದು ವಾಟ್ಸಾಪಿನಲ್ಲಿ ಓಡಾಡುವ ಮಾತನ್ನು ಪಕ್ಕಕ್ಕಿಡಿ. ಹಳೆಯ ಸಣ್ಣ ಅಧ್ಯಯನಗಳಲ್ಲಿ ಹಾಗೆ ಕಂಡಿತ್ತು. 2022ರಲ್ಲಿ ಹೆಚ್ಚು ಜನರ ಮೇಲೆ, ಹೆಚ್ಚು ಕಟ್ಟುನಿಟ್ಟಾಗಿ ನೋಡಿದಾಗ ಅಂಥ ಬದಲಾವಣೆ ಕಾಣಲಿಲ್ಲ. ಗಾಬರಿ ಕಡಿಮೆಯಾದರೆ ನಮಗೆ ಸಾಕು, ಮಿದುಳಿನ ಫೋಟೋ ಕಟ್ಟಿಕೊಂಡು ಆಗಬೇಕಾದ್ದೇನೂ ಇಲ್ಲ.

ಕೂರುವ ಮೊದಲು: ದೇಹದ ತಪಾಸಣೆ

ಎದೆ ಢವಢವ, ಕೈ ನಡುಕ, ಬೆವರು, ನಿದ್ದೆ ಇಲ್ಲದಿರುವುದು ಇವೆಲ್ಲ ಆತಂಕದಿಂದಲೇ ಬರಬೇಕೆಂದಿಲ್ಲ. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೂ ಹೀಗೇ ಆಗುತ್ತದೆ, ರಕ್ತಹೀನತೆಯಲ್ಲೂ ಎದೆ ಹೊಡೆದುಕೊಳ್ಳುತ್ತದೆ. ಹಾಗಾಗಿ ಮನೆ ಡಾಕ್ಟರ ಹತ್ತಿರ ಹೋಗಿ ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಹಿಮೋಗ್ಲೋಬಿನ್, ಶುಗರ್, ಬಿಪಿ ಮತ್ತು ಒಂದು ಇಸಿಜಿ ಮಾಡಿಸಿಬಿಡಿ. ಥೈರಾಯ್ಡ್ ಏರಿದ್ದವರು ಎಷ್ಟು ಹೊತ್ತು ಉಸಿರು ಎಣಿಸಿದರೂ ಟಿಎಸ್‌ಎಚ್ ಸರಿಹೋಗುವುದಿಲ್ಲ.

ಎರಡನೆಯದು ಕಾಫಿ. ಮೈಸೂರಿನಲ್ಲಿ ಈ ಮಾತು ಹೇಳುವುದು ಕಷ್ಟ, ಆದರೂ ಹೇಳಬೇಕು. ಎದ್ದ ತಕ್ಷಣ ಒಂದು, ತಿಂಡಿಗೆ ಒಂದು, ಆಫೀಸಿನಲ್ಲಿ ಎರಡು, ಸಂಜೆ ಮತ್ತೊಂದು ಫಿಲ್ಟರ್ ಕಾಫಿ ಕುಡಿಯುವವರಿಗೆ ಕೆಫೀನೇ ಅರ್ಧ ಗಾಬರಿ ತಂದಿರಬಹುದು. ಒಮ್ಮೆಗೇ ಬಿಟ್ಟರೆ ಎರಡು ಮೂರು ದಿನ ತಲೆನೋವು ಬರುತ್ತದೆ. ಎರಡು ದಿನಕ್ಕೊಂದು ಲೋಟದಂತೆ ಇಳಿಸುತ್ತ ದಿನಕ್ಕೆ ಎರಡಕ್ಕೆ ತನ್ನಿ, ಮಧ್ಯಾಹ್ನ ಎರಡರ ಮೇಲೆ ಬೇಡ. ರಾತ್ರಿ ಕುಡಿತದ ಅಭ್ಯಾಸವಿದ್ದರೆ ಮರುದಿನ ಬೆಳಗಿನ ಗಾಬರಿಗೆ ಅದೂ ಕಾರಣ ಎಂಬುದು ನೆನಪಿರಲಿ.

ಹಿಂದೆ ತೀವ್ರ ಆಘಾತ ಅನುಭವಿಸಿದವರು, ಇಲ್ಲದ ದನಿ ಕೇಳಿಸುವವರು, ಬೈಪೋಲಾರ್ ಕಾಯಿಲೆ ಇರುವವರು ಒಬ್ಬರೇ ಶುರು ಮಾಡಬಾರದು, ತಮ್ಮ ಮನೋವೈದ್ಯರಿಗೆ ತಿಳಿಸಿ ಮುಂದುವರಿಯಬೇಕು. ಜೀವ ಕಳೆದುಕೊಳ್ಳುವ ಯೋಚನೆ ಬರುತ್ತಿದ್ದರೆ ಈ ಬರಹವನ್ನು ಇಲ್ಲಿಗೇ ಬಿಟ್ಟು 14416ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ. ಹಗಲು ರಾತ್ರಿ, ಕನ್ನಡದಲ್ಲೇ, ದುಡ್ಡಿಲ್ಲದೆ ಮಾತಾಡಬಹುದು.

ಅಳತೆ ಇಲ್ಲದ ಪ್ರಯೋಗ ಪ್ರಯೋಗವಲ್ಲ

ನಂಬದವರಿಗೆ ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ನಂಬುವವರು ಹಾರಿಸಿಬಿಡುವುದೂ ಇದನ್ನೇ.

ಜಿಎಡಿ-7 ಎಂಬ ಏಳು ಪ್ರಶ್ನೆಗಳ ಪಟ್ಟಿಯನ್ನು ಆಸ್ಪತ್ರೆಗಳಲ್ಲಿ ಬಳಸುತ್ತಾರೆ. ಕಳೆದ ಎರಡು ವಾರಗಳಲ್ಲಿ ಇವು ನಿಮ್ಮನ್ನು ಎಷ್ಟು ಕಾಡಿದವು ಎಂದು ಅದು ಕೇಳುತ್ತದೆ:

1. ಗಾಬರಿ, ಆತಂಕ, ತುದಿಗಾಲಲ್ಲಿ ನಿಂತ ಭಾವ
2. ಚಿಂತೆಯನ್ನು ನಿಲ್ಲಿಸಲು, ಹಿಡಿತಕ್ಕೆ ತರಲು ಆಗದಿರುವುದು
3. ಬೇರೆ ಬೇರೆ ವಿಷಯಗಳ ಬಗ್ಗೆ ವಿಪರೀತ ಚಿಂತೆ
4. ಮೈಮನಸ್ಸು ಸಡಿಲಿಸಿ ಕೂರಲು ಆಗದಿರುವುದು
5. ಒಂದೆಡೆ ಕೂರಲಾರದಷ್ಟು ಚಡಪಡಿಕೆ
6. ಸಣ್ಣ ಸಣ್ಣದಕ್ಕೂ ರೇಗುವುದು
7. ಏನೋ ಕೆಟ್ಟದ್ದು ಆಗಿಬಿಡುತ್ತದೆ ಎಂಬ ಭಯ

‘ಇಲ್ಲವೇ ಇಲ್ಲ’ ಅಂದರೆ 0, ‘ಕೆಲವು ದಿನ’ 1, ‘ಅರ್ಧಕ್ಕಿಂತ ಹೆಚ್ಚು ದಿನ’ 2, ‘ಹೆಚ್ಚುಕಡಿಮೆ ದಿನಾ’ 3. ಒಟ್ಟು 21. ಐದರಿಂದ ಅಲ್ಪ, ಹತ್ತರಿಂದ ಮಧ್ಯಮ, ಹದಿನೈದರಿಂದ ತೀವ್ರ ಎಂದು ಲೆಕ್ಕ.

ಇವತ್ತೊಮ್ಮೆ ಅಂಕ ಹಾಕಿ, ನೋಟ್‌ಬುಕ್ಕಿನಲ್ಲಿ ತಾರೀಖಿನ ಜೊತೆ ಬರೆಯಿರಿ. ಎರಡು ವಾರ ಏನೂ ಮಾಡದೆ ಮತ್ತೊಮ್ಮೆ ಹಾಕಿ. ಯಾಕೆ ಕಾಯಬೇಕು? ಆತಂಕ ತಾನಾಗಿಯೇ ಏರುತ್ತದೆ, ತಾನಾಗಿಯೇ ಇಳಿಯುತ್ತದೆ. ಜನ ಮದ್ದು ಹುಡುಕಿಕೊಂಡು ಹೊರಡುವುದು ಅದು ತುದಿ ಮುಟ್ಟಿದಾಗ. ಅಲ್ಲಿಂದ ಮುಂದೆ ಏನು ಮಾಡಿದರೂ, ಮಾಡದಿದ್ದರೂ ಸ್ವಲ್ಪ ಇಳಿದೇ ಇಳಿಯುತ್ತದೆ. ಎಷ್ಟೋ ಯಂತ್ರ, ತಾಯತಗಳಿಗೆ ಹೆಸರು ಬಂದಿರುವುದು ಹೀಗೆಯೇ. ಎರಡು ವಾರದ ಕಾಯುವಿಕೆಯಲ್ಲಿ ಆ ಇಳಿತದ ಒಂದಷ್ಟು ಭಾಗ ಕಳೆದುಹೋಗುತ್ತದೆ. ಎರಡನೆಯ ಅಂಕವೇ ನಿಮ್ಮ ಆರಂಭದ ಅಂಕ. ಆದರೆ ಮೊದಲ ಸಲವೇ 15 ಅಥವಾ ಮೇಲಿದ್ದರೆ ಕಾಯಬೇಡಿ, ವೈದ್ಯರ ಹತ್ತಿರ ಹೋಗಿ, ಧ್ಯಾನ ಅದರ ಜೊತೆಗೆ ಇರಲಿ.

ಎಲ್ಲಿ, ಯಾವಾಗ, ಹೇಗೆ ಕೂರುವುದು

ಹೊತ್ತನ್ನು ಗಡಿಯಾರದಿಂದ ಗೊತ್ತುಮಾಡುವುದಕ್ಕಿಂತ ಈಗಾಗಲೇ ತಪ್ಪದೆ ನಡೆಯುವ ಒಂದು ಕೆಲಸದ ಬೆನ್ನಿಗೆ ಕಟ್ಟಿ. ಡೇರಿಗೆ ಹಾಲು ಹಾಕಿ ಬಂದ ಮೇಲೆ, ಹಲ್ಲುಜ್ಜಿದ ಮೇಲೆ, ಮಕ್ಕಳನ್ನು ಸ್ಕೂಲ್ ವ್ಯಾನ್ ಹತ್ತಿಸಿದ ಮೇಲೆ, ಹೀಗೆ. ಮುದ್ದೆ ಊಟ ಮಾಡಿ ಕೂತರೆ ತೂಕಡಿಕೆ ಖಚಿತ. ಊಟವಾಗಿ ಎರಡು ಗಂಟೆ ಕಳೆದಿರಲಿ.

ನೆಲದ ಮೇಲೇ ಕೂರಬೇಕೆಂಬ ನಿಯಮ ಇಲ್ಲ. ಊಟದ ಮೇಜಿನ ಸಾಮಾನ್ಯ ಕುರ್ಚಿ ಸಾಕು. ಬೆನ್ನನ್ನು ಕುರ್ಚಿಗೆ ಒರಗಿಸದೆ ಮುಂದೆ ಬಂದು ಕೂತು, ಎರಡೂ ಪಾದ ಪೂರ್ತಿ ನೆಲಕ್ಕೆ ಊರಿ. ಪಾದ ಎಟುಕದಿದ್ದರೆ ಕೆಳಗೊಂದು ಮಣೆ ಇಡಿ. ನೆಲವೇ ಬೇಕೆನ್ನುವವರು ಕಂಬಳಿಯನ್ನು ನಾಲ್ಕರಿಂದ ಆರು ಇಂಚು ಎತ್ತರಕ್ಕೆ ಮಡಿಚಿ ಅದರ ಅಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲಿ. ಮಂಡಿ ಸೊಂಟಕ್ಕಿಂತ ಕೆಳಗಿದ್ದರೆ ಬೆನ್ನು ತಾನಾಗಿ ನೇರವಾಗುತ್ತದೆ; ಬರಿ ಚಾಪೆಯ ಮೇಲೆ ಕೂತರೆ ಮಂಡಿ ಮೇಲೆದ್ದು, ಸೊಂಟ ಹಿಂದಕ್ಕೆ ಬಾಗಿ, ಸ್ವಲ್ಪ ಹೊತ್ತಿಗೆ ಬೆನ್ನು ನೋಯುತ್ತದೆ. ಪದ್ಮಾಸನ ಹಾಕಿದರೆ ಹೆಚ್ಚಿನ ಫಲವೇನೂ ಇಲ್ಲ.

ಕಣ್ಣು ಮುಚ್ಚಿದರೆ ಗಾಬರಿ ಹೆಚ್ಚುವವರು ಅರ್ಧ ತೆರೆದು, ಮೂರ್ನಾಲ್ಕು ಅಡಿ ಮುಂದಿನ ನೆಲದ ಮೇಲೆ ದೃಷ್ಟಿ ಇಡಲಿ. ಫೋನಿನಲ್ಲಿ ಫ್ಲೈಟ್ ಮೋಡ್ ಹಾಕಿ, ಟೈಮರ್ ಇಟ್ಟು, ಮಗುಚಿ ಇಡಿ. ಆ್ಯಪ್ ಅಗತ್ಯವಿಲ್ಲ. ಕುಕ್ಕರ್ ಸೀಟಿ, ಪಕ್ಕದ ಮನೆಯ ಧಾರಾವಾಹಿ, ಧನುರ್ಮಾಸದ ಬೆಳಗಿನ ದೇವಸ್ಥಾನದ ಮೈಕು, ಇವನ್ನೆಲ್ಲ ನಿಲ್ಲಿಸಿ ಆಮೇಲೆ ಕೂರುತ್ತೇನೆ ಅಂದರೆ ಈ ಜನ್ಮದಲ್ಲಿ ಆಗದು. ಸದ್ದು ಇರಲಿ ಬಿಡಿ.

ಅಭ್ಯಾಸದ ಮೊದಲ ವಾರ: 5 ನಿಮಿಷ ಮಾತ್ರ

ಉತ್ಸಾಹದಲ್ಲಿ ಅರ್ಧ ಗಂಟೆ ಕೂರಬೇಡಿ. ಮೊದಲ ದಿನ ಅರ್ಧ ಗಂಟೆ ಕೂತು ನಾಲ್ಕನೇ ದಿನಕ್ಕೆ ಬಿಟ್ಟವರೇ ಹೆಚ್ಚು.

1. ಕೂತು ಪಾದ ನೆಲಕ್ಕೆ ತಾಗಿರುವುದನ್ನು, ಸೊಂಟದ ಭಾರ ಕುರ್ಚಿಯ ಮೇಲಿರುವುದನ್ನು ಅರ್ಧ ನಿಮಿಷ ಗಮನಿಸಿ.
2. ದವಡೆ ಬಿಗಿಹಿಡಿದಿದ್ದರೆ ಸಡಿಲಿಸಿ. ಭುಜ ಕಿವಿಯ ಹತ್ತಿರ ಹೋಗಿದ್ದರೆ ಇಳಿಸಿ.
3. ಮೂರು ಸಲ ಮಾತ್ರ ಉಸಿರನ್ನು ಮೂಗಿನಿಂದ ಸಹಜವಾಗಿ ಎಳೆದು, ಎಳೆದದ್ದಕ್ಕಿಂತ ನಿಧಾನವಾಗಿ ಬಿಡಿ. ಎಳೆಯುವಾಗ ಮನಸ್ಸಿನಲ್ಲೇ ನಾಲ್ಕು, ಬಿಡುವಾಗ ಆರು ಎಣಿಸಬಹುದು. ಉಸಿರು ಬಿಡುವಾಗ ಹೃದಯದ ಬಡಿತ ಸ್ವಲ್ಪ ನಿಧಾನವಾಗುತ್ತದೆ. ವೇಗಸ್ ನರದ ಮೂಲಕ ನಡೆಯುವ ಕ್ರಿಯೆ ಅದು. ಹಾಗಾಗಿ ಬಿಡುವ ಉಸಿರು ಉದ್ದವಿರಬೇಕು.
4. ಆಮೇಲೆ ಉಸಿರನ್ನು ಅದರ ಪಾಡಿಗೆ ಬಿಟ್ಟು, ಹೊಟ್ಟೆ ಏರಿಳಿಯುವುದನ್ನು ಗಮನಿಸಿ. ಪ್ರತಿ ಸಲ ಉಸಿರು ಹೊರಹೋದಾಗ ಒಂದು ಎಣಿಕೆ. ಹತ್ತಕ್ಕೆ ಬಂದ ಮೇಲೆ ಮತ್ತೆ ಒಂದು.
5. ಲೆಕ್ಕ ತಪ್ಪಿತೇ, ಹದಿನೇಳಕ್ಕೆ ಹೋಗಿಬಿಟ್ಟಿರಾ, ಎಲ್ಲಿದ್ದೆ ಎಂದೇ ಮರೆತಿರಾ? ಮತ್ತೆ ಒಂದರಿಂದ.
6. ಟೈಮರ್ ಬಡಿದ ಮೇಲೆ ತಕ್ಷಣ ಫೋನ್ ಎತ್ತದೆ ಎರಡು ಉಸಿರು ಕಾಯ್ದು ಏಳಿ.

ಆತಂಕ ಇರುವವರು ಗಮನವನ್ನು ಎದೆಯ ಮೇಲೆ ಇಡದಿರುವುದು ಒಳ್ಳೆಯದು. ಎದೆ ನೋಡತೊಡಗಿದ ಕೂಡಲೇ ‘ಬಡಿತ ಜಾಸ್ತಿ ಆಯ್ತಾ’ ಎಂಬ ಕಾವಲು ಶುರುವಾಗುತ್ತದೆ, ಕಾವಲಿನಿಂದ ಬಡಿತ ನಿಜಕ್ಕೂ ಜಾಸ್ತಿಯಾಗುತ್ತದೆ. ಹೊಟ್ಟೆಯೂ ಕಷ್ಟವೆನಿಸಿದರೆ ಅಂಗಾಲು ಹಿಡಿಯಿರಿ. ಅಂಗಾಲಿಗೆ ಗಾಬರಿಯಾಗುವುದು ಬಹಳ ಅಪರೂಪ.

ಮನಸ್ಸು ಓಡಿದಾಗ

ಹೆಚ್ಚಿನವರು ಧ್ಯಾನ ಬಿಡುವುದು ಒಂದೇ ಕಾರಣಕ್ಕೆ: “ನನ್ನ ಮನಸ್ಸು ನಿಲ್ಲೋದೇ ಇಲ್ಲ.” ಯಾರ ಮನಸ್ಸೂ ನಿಲ್ಲುವುದಿಲ್ಲ. ನಿಲ್ಲಿಸುವುದು ಇಲ್ಲಿನ ಕೆಲಸವೂ ಅಲ್ಲ. ಉಸಿರಿನ ಮೇಲಿದ್ದ ಗಮನ ಜಾರಿ ಸೈಟಿನ ಸಾಲಕ್ಕೆ ಹೋಯಿತು, ಸ್ವಲ್ಪ ಹೊತ್ತಿನ ಮೇಲೆ ‘ಓ, ಸಾಲದಲ್ಲಿದ್ದೇನೆ’ ಎಂದು ಗೊತ್ತಾಯಿತು, ವಾಪಸ್ ಬಂದಿರಿ. ಗೊತ್ತಾಗುವ ಆ ಗಳಿಗೆಯೇ ಅಭ್ಯಾಸ. ಐದು ನಿಮಿಷದಲ್ಲಿ ಮೂವತ್ತು ಸಲ ಹೋಗಿ ಮೂವತ್ತು ಸಲ ಬಂದರೆ ಮೂವತ್ತು ದಂಡ ಹೊಡೆದ ಹಾಗೆ. ಒಮ್ಮೆಯೂ ಹೋಗದಿದ್ದರೆ ಅವತ್ತು ಕೆಲಸವೇ ಆಗಿಲ್ಲ.

ಇದರಿಂದ ಆತಂಕಕ್ಕೇನು ಎಂದರೆ, ಆತಂಕವನ್ನು ಬೆಳೆಸುವುದು ಮೊದಲ ಯೋಚನೆಯಲ್ಲ, ಅದರ ಹಿಂದೆ ಹೋಗುವ ಸರಪಳಿ. ಮಗಳ ಪಿಯುಸಿ ರಿಸಲ್ಟ್ ಏನಾಗುತ್ತೋ ಎಂಬುದು ಮೊದಲ ಯೋಚನೆ. ಫೇಲಾದರೆ, ಸೀಟು ಸಿಗದಿದ್ದರೆ, ಡೊನೇಷನ್ ಕೊಡಬೇಕಾದರೆ, ಜಮೀನು ಮಾರಬೇಕಾದರೆ, ಹೀಗೆ ಒಂದೊಂದು ಕೊಂಡಿಗೂ ದೇಹ ಒಂದೊಂದು ಅಪಾಯ ಬಂದಂತೆಯೇ ಎದೆ ಹೊಡೆದುಕೊಳ್ಳುತ್ತದೆ. ಹತ್ತನೇ ಕೊಂಡಿಯಲ್ಲಿ ಗೊತ್ತಾಗುತ್ತಿದ್ದುದು ಮೂರನೆಯದರಲ್ಲಿ ಗೊತ್ತಾದರೆ ಉಳಿದ ಏಳು ಸಲದ ಅಲಾರಂ ತಪ್ಪುತ್ತದೆ. ಧ್ಯಾನದ ಲಾಭದ ಬಹುಪಾಲು ಇಲ್ಲಿದೆ ಎಂಬುದು ನಮ್ಮ ಅಭಿಪ್ರಾಯ. ‘ದಿವ್ಯ ಶಾಂತಿ’ ಸಿಕ್ಕರೆ ಅದು ಕೊಸರು.

ವಾಪಸ್ ಬರುವ ಮುನ್ನ ಓಡಿದ್ದಕ್ಕೆ ಒಂದು ಪದದ ಹೆಸರು ಕೊಡಿ. ಆತಂಕದವರ ಮನಸ್ಸು ಸಾಮಾನ್ಯವಾಗಿ ನಾಲ್ಕು ದಾರಿಯಲ್ಲಿ ಓಡುತ್ತದೆ. ನಾಳೆ ಏನೇನು ಮಾಡಬೇಕೆಂಬ ‘ಪ್ಲಾನು’. ಯಾರಿಗೋ ಕೊಡಬೇಕಿದ್ದ ಉತ್ತರವನ್ನು ಈಗ ಕೊಡುವ ‘ಜಗಳ’. ಎಲ್ಲಿ ನೋವಿದೆ, ಉಸಿರು ಸರಿ ಇದೆಯಾ ಎಂಬ ‘ತಪಾಸಣೆ’. ಇದರಿಂದ ಏನಾದರೂ ಆಗುತ್ತಿದೆಯಾ ಎಂಬ ‘ಅನುಮಾನ’. ಕೊನೆಯದು ಸಂದೇಹವಾದಿಗಳಿಗೇ ಮೀಸಲು, ಬುದ್ಧಿವಂತಿಕೆಯ ವೇಷದಲ್ಲಿ ಬರುವುದರಿಂದ ಅದನ್ನು ಗುರುತಿಸುವುದೂ ಕಷ್ಟ. ಅನುಮಾನಕ್ಕೆ ನೋಟ್‌ಬುಕ್ಕಿನಲ್ಲಿ ಜಾಗ ಇದೆ, ಎಂಟನೇ ವಾರ ಅದರ ಸರದಿ. ಈಗ ಹೆಸರಿಟ್ಟು ಹೊಟ್ಟೆಗೆ ಬನ್ನಿ. ಬೈದುಕೊಳ್ಳುತ್ತ ಬರಬೇಡಿ, ಬೈಗುಳವೂ ಒಂದು ಕೊಂಡಿಯೇ.

ಕೂತಾಗ ನಿಜವಾಗಿ ಮಾಡಬೇಕಾದ ಕೆಲಸ ನೆನಪಾದರೆ (ಕರೆಂಟ್ ಬಿಲ್ಲಿನ ಕೊನೆ ದಿನ ಇವತ್ತು) ಎದ್ದು ಬರೆಯಲು ಹೋಗಬೇಡಿ, ಟೈಮರ್ ಆದ ಮೇಲೆ ಬರೆಯಿರಿ. ನಿಜವಾದ ಕೆಲಸ ಐದು ನಿಮಿಷದಲ್ಲಿ ಮರೆತುಹೋಗುವುದಿಲ್ಲ.

ಎರಡು ಮತ್ತು ಮೂರನೇ ವಾರ

ಕೂರುವುದನ್ನು 10 ನಿಮಿಷಕ್ಕೆ ಏರಿಸಿ. ಅದರ ಜೊತೆಗೆ ವಾರದಲ್ಲಿ ಮೂರು ದಿನ ದೇಹವನ್ನು ಪಾದದಿಂದ ತಲೆಯ ತನಕ ಗಮನಿಸುವ ಅಭ್ಯಾಸ ಸೇರಿಸಿ. ಚಾಪೆಯ ಮೇಲೆ ಅಂಗಾತ ಮಲಗಿ, ಎಡಗಾಲ ಬೆರಳು, ಪಾದ, ಮೀನಖಂಡ, ಮಂಡಿ, ತೊಡೆ, ಹಾಗೇ ಬಲಗಾಲು, ಹೊಟ್ಟೆ, ಬೆನ್ನು, ಕೈ, ಕುತ್ತಿಗೆ, ದವಡೆ, ನಾಲಿಗೆ, ಕಣ್ಣಿನ ಸುತ್ತ, ಹಣೆ. ಒಂದೊಂದು ಜಾಗದಲ್ಲಿ 20ರಿಂದ 30 ಸೆಕೆಂಡು. ಬಿಸಿಯೋ, ಜುಮ್ಮೆನ್ನುತ್ತದೋ, ಬಟ್ಟೆ ತಾಗುತ್ತದೋ, ಏನೂ ಗೊತ್ತಾಗುವುದಿಲ್ಲವೋ, ಯಾವುದಾದರೂ ಸರಿ. ಸುಮಾರು 10 ನಿಮಿಷ ಹಿಡಿಯುತ್ತದೆ. ನಿದ್ದೆ ಬರುವುದಾದರೆ ಕೂತು ಮಾಡಿ. ನಿದ್ದೆ ಬಾರದವರು ರಾತ್ರಿ ಹಾಸಿಗೆಯಲ್ಲಿ ಮಾಡಿದರೆ ತೊಂದರೆಯಿಲ್ಲ, ಆದರೆ ಅದನ್ನು ಅಭ್ಯಾಸದ ಲೆಕ್ಕಕ್ಕೆ ಸೇರಿಸಬೇಡಿ.

ಆತಂಕ ದೇಹದಲ್ಲಿ ಎಲ್ಲಿ ಮೊದಲು ಕಾಣಿಸುತ್ತದೆ ಎಂಬುದು ಒಬ್ಬೊಬ್ಬರಿಗೆ ಒಂದೊಂದು. ಕೆಲವರಿಗೆ ದವಡೆ, ಕೆಲವರಿಗೆ ಹೊಟ್ಟೆ ತೊಳಸುವುದು, ಕೆಲವರಿಗೆ ಕುತ್ತಿಗೆಯ ಹಿಂಭಾಗ. ನಿಮ್ಮದು ಯಾವುದೆಂದು ಈ ಎರಡು ವಾರದಲ್ಲಿ ಗೊತ್ತಾಗಬೇಕು, ಮುಂದಿನ ಹಂತಕ್ಕೆ ಅದು ಬೇಕು.

ನಾಲ್ಕು ಮತ್ತು ಐದನೇ ವಾರ: ಆತಂಕವನ್ನೇ ನೋಡುವುದು

ಇಲ್ಲಿಯ ತನಕದ್ದು ತಯಾರಿ. ಇದು ಕಷ್ಟದ ಭಾಗ, ಅವಸರ ಬೇಡ.

ಹತ್ತಕ್ಕೆ ಮೂರೋ ನಾಲ್ಕೋ ಅಂಕ ಕೊಡಬಹುದಾದ ಒಂದು ಚಿಂತೆ ಆರಿಸಿ. ಮನೆ ಬಿಟ್ಟು ಹೋದ ಮಗ, ಕೋರ್ಟಿನಲ್ಲಿರುವ ಜಮೀನು, ಇಂಥವು ಬೇಡ. ಮೇಲಧಿಕಾರಿಯ ‘ನಾಳೆ ಬಂದು ಕಾಣಿ’ ಎಂಬ ಮೆಸೇಜು, ಇನ್ನೂ ಬಾರದ ಕಬ್ಬಿನ ಕಟಾವಿನ ಆದೇಶ, ಇಷ್ಟು ಸಾಕು. ಐದು ನಿಮಿಷ ಎಂದಿನಂತೆ ಉಸಿರು ಎಣಿಸಿ. ಆಮೇಲೆ ಆ ಚಿಂತೆಯನ್ನು ಬೇಕೆಂದೇ ಅರ್ಧ ನಿಮಿಷ ನೆನೆಯಿರಿ. ದೇಹದಲ್ಲಿ ಏನೋ ಏಳುತ್ತದೆ. ಎದ್ದ ಕೂಡಲೇ ಕಥೆಯನ್ನು ಬಿಟ್ಟು ಅದನ್ನು ಹಿಡಿಯಿರಿ: ಎಲ್ಲಿದೆ, ಎಷ್ಟಗಲ, ಬಿಗಿಯೋ ಉರಿಯೋ, ಅಲ್ಲೇ ಇದೆಯೋ ಸರಿಯುತ್ತಿದೆಯೋ? ಹೋಗಲೆಂದು ದೂಡಬೇಡಿ. ಎರಡು ಮೂರು ನಿಮಿಷ ನೋಡಿ, ಒಂದು ನಿಮಿಷ ಅಂಗಾಲಿಗೆ ಬನ್ನಿ. ಒಮ್ಮೆ ಕೂತಾಗ ಎರಡು ಸುತ್ತು, ಹೆಚ್ಚೆಂದರೆ ಮೂರು.

ಆತಂಕ ಗಟ್ಟಿಯಾಗುವುದು ಅದರಿಂದ ಓಡಿದಾಗ. ಓಡಿದ ಪ್ರತಿ ಸಲ ‘ಓಡಿದ್ದರಿಂದ ಬದುಕಿಕೊಂಡೆ’ ಎಂಬ ಪಾಠ ಒಳಗೆ ಕೂರುತ್ತದೆ. ಓಡದೆ ನೋಡಿದಾಗ, ಎದೆ ಬಿಗಿದರೂ ಏನೂ ಆಗಲಿಲ್ಲ, ಸ್ವಲ್ಪ ಹೊತ್ತಿಗೆ ತಾನಾಗಿ ಸಡಿಲವಾಯಿತು ಎಂಬ ಬೇರೆ ಪಾಠ ಸಿಗುತ್ತದೆ. ಮನಶ್ಶಾಸ್ತ್ರಜ್ಞರು ಭಯದ ಚಿಕಿತ್ಸೆಯಲ್ಲಿ ಭಯದ ವಸ್ತುವಿಗೆ ಹಂತಹಂತವಾಗಿ ಎದುರಾಗಿಸುವುದೂ ಇದೇ ತತ್ವದ ಮೇಲೆ. ನಡುವೆ ಆತಂಕ ಹತ್ತಕ್ಕೆ ಏಳು ದಾಟಿದರೆ ನಿಲ್ಲಿಸಿ, ಕಣ್ಣು ತೆರೆಯಿರಿ, ಕೋಣೆಯಲ್ಲಿ ಕಾಣುವ ಐದು ವಸ್ತುಗಳ ಹೆಸರು ಹೇಳಿಕೊಳ್ಳಿ, ಎದ್ದು ನೀರು ಕುಡಿಯಿರಿ. ಮರುದಿನ ಇನ್ನೂ ಸಣ್ಣ ಚಿಂತೆ ಆರಿಸಿಕೊಳ್ಳಿ.

ಆರರಿಂದ ಎಂಟನೇ ವಾರ: ಕುರ್ಚಿಯಿಂದ ಹೊರಗೆ

ಕೂರುವುದು 15ರಿಂದ 20 ನಿಮಿಷಕ್ಕೆ ಬರಲಿ. ಅದಕ್ಕಿಂತ ಮುಖ್ಯ, ದಿನದಲ್ಲಿ ಮೂರು ಕಡೆ ಮೂರು ಮೂರು ಉಸಿರು. ವಾಟ್ಸಾಪ್ ತೆರೆಯುವ ಮೊದಲು, ಮಂಡ್ಯದಿಂದ ಹೊರಟ ರೈಲು ಪಾಂಡವಪುರ ಬಿಟ್ಟಾಗ, ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿದ್ದಾಗ, ಹೀಗೆ ಯಾವುದಾದರೂ ದಿನಾ ಬರುವ ಗುರುತು ಇಟ್ಟುಕೊಳ್ಳಿ. ವಾಹನ ಓಡಿಸುವಾಗ ಮಾತ್ರ ಬೇಡ.

ಕೂರಲಾರದಷ್ಟು ಚಡಪಡಿಕೆ ಇರುವ ದಿನ ನಡೆಯಿರಿ. ತಾರಸಿಯ ಮೇಲೆ ಅಥವಾ ಅಂಗಳದಲ್ಲಿ 15ರಿಂದ 20 ಹೆಜ್ಜೆಯ ಜಾಗ ಸಾಕು. ಹಿಮ್ಮಡಿ ಊರಿತು, ಪಾದ ಊರಿತು, ಎತ್ತಿತು ಎಂದು ಗಮನಿಸುತ್ತ ಹೋಗಿ, ತಿರುಗಿ, ಬನ್ನಿ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೂ ಆಗುತ್ತದೆ, ಪರಿಚಯದವರು ಸಿಕ್ಕಿ ಮಾತಿಗೆಳೆಯದಿದ್ದರೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಒಳ್ಳೆಯ ವ್ಯಾಯಾಮವೇ, ಆದರೆ ಏದುಸಿರಿನಲ್ಲಿ ಪಾದ ಗಮನಿಸುವುದು ಹೊಸಬರಿಗೆ ಆಗದು. ನಾಲೆ ಏರಿ, ಗದ್ದೆ ಬದು ಇವುಗಳ ಮೇಲೆ ದೃಷ್ಟಿ ಕೆಳಗಿಟ್ಟು ನಡೆಯುವ ಸಾಹಸ ಖಂಡಿತ ಬೇಡ.

ಗಾಬರಿ ಏಕಾಏಕಿ ಏರಿದಾಗ

ಪ್ಯಾನಿಕ್ ಬಂದಾಗ ಕಣ್ಣು ಮುಚ್ಚಿ ಧ್ಯಾನಕ್ಕೆ ಕೂರುವುದು ತಪ್ಪು. ಸುತ್ತಲಿನವರು “ಜೋರಾಗಿ ಉಸಿರು ತಗೊಳ್ಳಿ” ಅನ್ನುವುದೂ ತಪ್ಪು. ಆ ಹೊತ್ತಿಗೆ ಉಸಿರು ಆಗಲೇ ಹೆಚ್ಚಾಗಿರುತ್ತದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಸುತ್ತು, ಬೆರಳ ತುದಿ ಮತ್ತು ಬಾಯಿಯ ಸುತ್ತ ಜುಮ್ಮು ಬರುತ್ತದೆ, ಅದನ್ನು ಕಂಡು ಗಾಬರಿ ಇನ್ನೂ ಏರುತ್ತದೆ. ಕಣ್ಣು ತೆರೆದೇ ಇರಲಿ. ಪಾದ ನೆಲಕ್ಕೆ ಒತ್ತಿ. ಸ್ವಲ್ಪವೇ ಉಸಿರು ಎಳೆದು, ಬಿಸಿ ಕಾಫಿ ಊದುವ ಹಾಗೆ ತುಟಿ ಕಿರಿದು ಮಾಡಿ ನಿಧಾನ ಬಿಡಿ. ಸಾಮಾನ್ಯವಾಗಿ 10 ನಿಮಿಷದೊಳಗೆ ಅದು ತುದಿ ಮುಟ್ಟಿ ಇಳಿಯತೊಡಗುತ್ತದೆ. ಎದೆನೋವು ಮೊದಲ ಸಲ ಬಂದದ್ದಾದರೆ, ತೋಳಿಗೋ ದವಡೆಗೋ ಹರಡಿದರೆ, ಇದು ಆತಂಕವೇ ಇರಬೇಕೆಂದು ಮನೆಯಲ್ಲಿ ಕೂರದೆ 108ಕ್ಕೆ ಕರೆ ಮಾಡಿ.

ಕೆಡುವುದು ಎಲ್ಲಿ

ಟಿವಿ ನೋಡಿಕೊಂಡು ಭಸ್ತ್ರಿಕಾ, ಕಪಾಲಭಾತಿ ಮಾಡಿ ಗಾಬರಿ ಹೆಚ್ಚಿಸಿಕೊಂಡವರು ಬೇಕಾದಷ್ಟು ಜನ. ವೇಗದ ಉಸಿರಾಟ ಮೇಲೆ ಹೇಳಿದ ಜುಮ್ಮು, ತಲೆಸುತ್ತನ್ನೇ ತರುತ್ತದೆ. ಪ್ಯಾನಿಕ್ ಇರುವವರು ಅದರಿಂದ ದೂರವಿರಲಿ.

ಸುಮ್ಮನೆ ಕೂತಾಗಲೇ ಆತಂಕ ಏರುವುದು ಇನ್ನೊಂದು ತೊಡಕು. ಸದಾ ಕಾವಲು ಕಾಯುವ ಮನಸ್ಸಿಗೆ ಸಡಿಲವಾಗುವುದೇ ಅಪಾಯವೆನಿಸುತ್ತದೆ. ಸ್ವಲ್ಪ ಏರಿದರೆ ಸಹಜ. ಕಣ್ಣು ತೆರೆದು, ಹೊತ್ತು ಕಡಿಮೆ ಮಾಡಿ, ನಡಿಗೆಗೆ ಬದಲಿಸಿ. ಎರಡು ವಾರವಾದರೂ ದಿನವಿಡೀ ಏರಿಯೇ ಇದ್ದರೆ, ಅಥವಾ ತನ್ನ ದೇಹ ತನ್ನದಲ್ಲ ಎನ್ನಿಸತೊಡಗಿದರೆ ನಿಲ್ಲಿಸಿ ವೈದ್ಯರನ್ನು ಕಾಣಿ. ಹತ್ತು ದಿನ ಮೌನದಲ್ಲಿ, ದಿನಕ್ಕೆ ಹತ್ತು ಗಂಟೆ ಕೂರಿಸುವ ಶಿಬಿರಗಳಿಗೆ ಹೊಸಬರು, ಅದರಲ್ಲೂ ಆತಂಕ ತೀವ್ರವಿರುವವರು, ನೇರ ಹೋಗಬಾರದು.

ಉಸಿರು ನೋಡತೊಡಗಿದರೆ ಅದು ಸಹಜವಾಗಿ ಬರುವುದೇ ಇಲ್ಲ, ಕಟ್ಟಿದಂತಾಗುತ್ತದೆ ಎನ್ನುವವರು ಉಸಿರನ್ನೇ ಬಿಟ್ಟು ಸದ್ದು ಕೇಳಲಿ: ಫ್ಯಾನು, ಗುಬ್ಬಚ್ಚಿ, ಆಟೋ. ಕಾಲು ಜೋಮು ಹಿಡಿದರೆ ಸಹಿಸಿಕೊಂಡು ಕೂರುವುದು ಸಾಧನೆಯಲ್ಲ, ನರ ಒತ್ತಿಹೋಗಿದೆ ಅಷ್ಟೆ, ಕಾಲು ಚಾಚಿ. ಮನೆಯವರು “ಸನ್ಯಾಸಿ ಆಗ್ಬಿಟ್ಯಾ?” ಎಂದು ಆಡಿಕೊಂಡರೆ ‘ಡಾಕ್ಟ್ರು ಉಸಿರಿನ ವ್ಯಾಯಾಮ ಹೇಳಿದ್ದಾರೆ’ ಅಂದುಬಿಡಿ, ಆ ಮೇಲೆ ಯಾರೂ ಕೇಳುವುದಿಲ್ಲ.

ಸೂಕ್ಷ್ಮವಾದ ತಪ್ಪು ಒಂದಿದೆ. ಕಷ್ಟದ ಫೋನ್ ಮಾಡಬೇಕಾದಾಗ, ಬ್ಯಾಂಕಿಗೆ ಹೋಗಬೇಕಾದಾಗ ‘ಮೊದಲು ಧ್ಯಾನ ಮಾಡಿ ಸಮಾಧಾನ ತಂದುಕೊಳ್ಳುತ್ತೇನೆ’ ಎಂದು ಕೂರುವುದು. ಅದೂ ಓಡಿಹೋಗುವ ಒಂದು ದಾರಿ. ಗಾಬರಿ ಇರುವಾಗಲೇ ಫೋನ್ ಮಾಡಿ, ಆಮೇಲೆ ಬೇಕಾದರೆ ಕೂರಿ.

ಲೆಕ್ಕ ಚುಕ್ತಾ

ಎಂಟನೇ ವಾರದ ಕೊನೆಗೆ ಜಿಎಡಿ-7 ಮತ್ತೆ ಹಾಕಿ, ಹಳೆಯ ಅಂಕ ನೋಡದೆ. ಒಂದೆರಡು ಅಂಕದ ವ್ಯತ್ಯಾಸ ಎಣಿಕೆಗೆ ಬಾರದು. 4 ಅಥವಾ ಹೆಚ್ಚು ಇಳಿದಿದ್ದರೆ ಮುಂದುವರಿಸಿ. ದಿನಕ್ಕೆ 10 ನಿಮಿಷವಾದರೂ ಸಾಕು, ವಾರದಲ್ಲಿ ಐದು ದಿನ ತಪ್ಪದಿರಲಿ. ಇಳಿಯದಿದ್ದರೆ ಮೊದಲು ಎಷ್ಟು ದಿನ ಕೂತಿರಿ ಎಂದು ನೋಟ್‌ಬುಕ್ ನೋಡಿ. 56 ದಿನದಲ್ಲಿ 40ಕ್ಕಿಂತ ಹೆಚ್ಚು ದಿನ ಕೂತೂ ಇಳಿಯಲಿಲ್ಲವೆಂದರೆ ಇದು ನಿಮಗೆ ಒಗ್ಗಲಿಲ್ಲ, ಬಿಡಿ. ಅಪರಾಧಿ ಭಾವ ಬೇಡ. ದಿನಾ ಅರ್ಧ ಗಂಟೆಯ ಬಿರುಸು ನಡಿಗೆ ಅಥವಾ ಯೋಚನೆ-ವರ್ತನೆಗಳನ್ನು ತಿದ್ದುವ ಸಿಬಿಟಿ ಚಿಕಿತ್ಸೆ ಒಗ್ಗಬಹುದು.

ಅಂಕ ಹತ್ತು ಅಥವಾ ಮೇಲೇ ಉಳಿದಿದ್ದರೆ ಮನೋವೈದ್ಯರನ್ನು ಕಾಣುವ ಹೊತ್ತು ಬಂದಿದೆ. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್, ಎರಡರಲ್ಲೂ ಮನೋವೈದ್ಯಕೀಯ ವಿಭಾಗವಿದೆ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಚಿಕಿತ್ಸಾ ಮನೋವಿಜ್ಞಾನ ವಿಭಾಗವಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುವ ಏರ್ಪಾಟಿದೆ, ಹೊರಡುವ ಮುನ್ನ ಆಸ್ಪತ್ರೆಗೆ ಫೋನ್ ಮಾಡಿ ವಿಚಾರಿಸಿಕೊಳ್ಳಿ. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು ಧ್ಯಾನದಿಂದ ಹಗುರವಾಯಿತೆಂದು ತಾವಾಗಿಯೇ ನಿಲ್ಲಿಸಬಾರದು. ಎಸಿಟಾಲೋಪ್ರಾಮ್‌ನಂಥ ಮಾತ್ರೆಗಳನ್ನು ಒಮ್ಮೆಗೇ ಬಿಟ್ಟರೆ ತಲೆಸುತ್ತು, ಚಡಪಡಿಕೆ ಬಂದು ಕಾಯಿಲೆಯೇ ಮರಳಿತೆನ್ನಿಸುತ್ತದೆ. ನೋಟ್‌ಬುಕ್ಕನ್ನು ಜೊತೆಗೆ ಒಯ್ಯಿರಿ. ತಾರೀಖಿನ ಸಮೇತ ಮೂರು ಅಂಕ, ಕಾಫಿಯ ಲೆಕ್ಕ, ಆತಂಕ ಮೊದಲು ಏಳುವ ಜಾಗ ಇಷ್ಟಿದ್ದರೆ ವೈದ್ಯರು ಕೇಳುವ ಅರ್ಧ ಪ್ರಶ್ನೆಗಳಿಗೆ ಉತ್ತರ ಅದರಲ್ಲೇ ಇರುತ್ತದೆ.